ಬಯಾಸ್ ತಿರುಗಿಸುವ ಮುನ್ನ

ಹಾಡು ನಿಲ್ಲಿಸಿದರೂ ನಿಮ್ಮ ಹಳೆಯ ಸ್ಟೀರಿಯೋ ಆಂಪ್ಲಿಫೈಯರಿನ ಒಂದು ಚಾನಲ್ ಬಿಸಿಯಾಗುತ್ತಿದೆಯೇ? ಬಯಾಸ್ ಏರುಪೇರಾಗಿರಬಹುದು. ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ಸದಾ ಸಜ್ಜಾಗಿಡುವ ಅಲ್ಪ ವಿದ್ಯುತ್ ಪ್ರವಾಹಕ್ಕೆ ಬಯಾಸ್ ಪ್ರವಾಹವೆನ್ನುತ್ತಾರೆ. ಅದು ತಗ್ಗಿದರೆ ಮೆಲುದನಿ ಒರಟಾಗುತ್ತದೆ. ಮಿತಿಮೀರಿದರೆ ಟ್ರಾನ್ಸಿಸ್ಟರ್ ಸುಡುತ್ತದೆ.

ಸ್ಪೀಕರ್ ಕಳಚಿ, ವಾಲ್ಯೂಮ್ ಸೊನ್ನೆಗಿಳಿಸಿ, ಎಮಿಟರ್ ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಅಳೆಯಿರಿ. 0.5 ಓಮ್ ರೆಸಿಸ್ಟರಿನಲ್ಲಿ 10 ಮಿಲಿವೋಲ್ಟ್ ಕಂಡರೆ ಪ್ರವಾಹ 20 ಮಿಲಿಆಂಪಿಯರ್. ಇರಬೇಕಾದ ಅಳತೆ ಸರ್ವಿಸ್ ಕೈಪಿಡಿಯಲ್ಲಿರುತ್ತದೆ.

ಪ್ರೀಸೆಟ್ ತಿರುಗಿಸುವಾಗ ಅಂಕಿ ಜಿಗಿದಾಡಿದರೆ ಅಲ್ಲಿಗೇ ನಿಲ್ಲಿಸಿ. ಅದರೊಳಗಿನ ಸಂಪರ್ಕ ಸವೆದಿದೆ. ಅನೇಕ ಸರ್ಕ್ಯೂಟುಗಳಲ್ಲಿ ಆ ಸಂಪರ್ಕ ತಪ್ಪಿದೊಡನೆ ಬಯಾಸ್ ಗರಿಷ್ಠಕ್ಕೇರುತ್ತದೆ. ಪ್ರೀಸೆಟ್ ಬದಲಿಸಿ, ಕನಿಷ್ಠದಿಂದ ನಿಧಾನವಾಗಿ ಏರಿಸಿ. ಕಾಲು ಗಂಟೆ ಬಿಸಿಯಾದ ಮೇಲೆ ಮತ್ತೆ ಹೊಂದಿಸಿ. ಹಳೆಯ ಟ್ರಾನ್ಸಿಸ್ಟರ್ ಸುಟ್ಟರೆ ಬದಲಿ ಸಿಗುವುದು ಕಷ್ಟ. ಪ್ರೀಸೆಟ್ ಕೆಲವೇ ರೂಪಾಯಿಗಳಿಗೆ ಸಿಗುತ್ತದೆ.