ರಾಗ ಒಂದೇ, ಮಾತು ಎರಡು

ಸೋದರಿಯರೇ, ನಿಮ್ಮ ಮನೆಯ ಮಕ್ಕಳು ಈಗ ಯಾವ ಭಾಷೆಯ ಹಾಡು ಗುನುಗುತ್ತಿದ್ದಾರೆ, ಗಮನಿಸಿದ್ದೀರಾ? ಬೆಳಿಗ್ಗೆ ಹಿಂದಿ, ಸಂಜೆಗೆ ತೆಲುಗು, ಮಲಗುವ ಮುಂಚೆ ಕೊರಿಯಾ ದೇಶದ್ದು! 2017ರಲ್ಲಿ ‘ಡೆಸ್ಪಸಿತೊ’ ಎಂಬ ಹಾಡು ಬಂದಾಗ ನಮ್ಮ ತೋಡಾರಿನಲ್ಲೂ ಕೈಯಲ್ಲಿ ಮೊಬೈಲು ಇದ್ದ ಮಕ್ಕಳೆಲ್ಲ ಅದನ್ನೇ ಹಾಡಿದ್ದರು. ಎಂತ ಅರ್ಥ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ‘ಮೆಲ್ಲಗೆ’ ಎಂದು ಅದರ ಅರ್ಥವಂತೆ. ಹಾಡು ಮಾತ್ರ ಮೆಲ್ಲಗೆ ಬರಲಿಲ್ಲ, ಸುಂಟರಗಾಳಿಯ ಹಾಗೆ ಬಂತು.

ಆ ಹಾಡು ಬಂದದ್ದು ಪೋರ್ಟೊರಿಕೊ ಎಂಬ ಸಣ್ಣ ದ್ವೀಪದಿಂದ. ಅಲ್ಲಿಂದಲೇ ಬಹಳ ಹಿಂದೆ, 1977ರಲ್ಲಿ, ‘ಮೆನುಡೊ’ ಎಂಬ ಹುಡುಗರ ಹಾಡುತಂಡ ಹೊರಟಿತ್ತು. ಐದು ಹುಡುಗರು, ಒಂದೇ ತರಹದ ಬಟ್ಟೆ, ಕುಣಿತ, ಹಾಡು. ಅದರ ನಿಯಮ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಹುಡುಗನಿಗೆ ಹದಿನಾರು ತುಂಬಿತು, ಗಂಟಲು ಒಡೆಯಿತು ಎಂದರೆ ತಂಡದಿಂದ ಹೊರಗೆ. ಅವನ ಜಾಗಕ್ಕೆ ಇನ್ನೊಬ್ಬ ಪೋರ. ಹೆಸರು ಹಾಗೇ ಇರುತ್ತದೆ, ಮಕ್ಕಳು ಬದಲಾಗುತ್ತಾರೆ. ಮುಂದೆ ಜಗತ್ತಿಗೆಲ್ಲ ಗೊತ್ತಾದ ರಿಕಿ ಮಾರ್ಟಿನ್ 1984ರಲ್ಲಿ ಹನ್ನೆರಡನೇ ವಯಸ್ಸಿಗೆ ಈ ತಂಡ ಸೇರಿದವರು. ಹನ್ನೆರಡು ಅಂದರೆ ನಮ್ಮಲ್ಲಿ ಏಳನೇ ಕ್ಲಾಸು! 2022ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರ ಸರಣಿಯಲ್ಲಿ ತಂಡದ ಹಳೆಯ ಹುಡುಗರು ತಾವು ಆಗ ಪಟ್ಟ ಪಾಡನ್ನು ಹೇಳಿಕೊಂಡಿದ್ದಾರೆ. ತಾಯಂದಿರು ಕೇಳಿದರೆ ಹೊಟ್ಟೆ ಉರಿಯುವಂಥ ಮಾತುಗಳು. ಟಿವಿಯ ಹಾಡಿನ ಸ್ಪರ್ಧೆಗೆ ಮಕ್ಕಳನ್ನು ಕಳಿಸಲು ಹೊರಟವರು ಒಮ್ಮೆ ಯೋಚಿಸಬೇಕಾದ ವಿಷಯ. ಅದು ಬೇರೆಯೇ ಲೇಖನವಾದೀತು, ಇಲ್ಲಿಗೆ ಬಿಡುತ್ತೇನೆ.

ನಾನು ಹೇಳಹೊರಟದ್ದು ಅವರ ಭಾಷೆಯ ಸಂಗತಿ. ಆ ಹುಡುಗರ ಮನೆಮಾತು ಸ್ಪ್ಯಾನಿಷ್. ಆದರೆ ದೊಡ್ಡ ಪೇಟೆ ಇದ್ದದ್ದು ಬ್ರೆಜಿಲಿನಲ್ಲಿ, ಅಲ್ಲಿಯ ಮಾತು ಪೋರ್ಚುಗೀಸ್. ಆದ್ದರಿಂದ 1984ರಲ್ಲಿ ಅವರ ಹಾಡುಗಳ ಒಂದು ಆಲ್ಬಂ ‘ಮೇನಿಯಾ’ ಎಂದು ಪೋರ್ಚುಗೀಸಿನಲ್ಲಿ ಬಂತು, ಅದೇ ವರ್ಷ ‘ರೀಚಿಂಗ್ ಔಟ್’ ಎಂದು ಇಂಗ್ಲಿಷಿನಲ್ಲೂ ಒಂದು. ಸ್ಪ್ಯಾನಿಷ್, ಪೋರ್ಚುಗೀಸ್ ಎರಡೂ ಅಕ್ಕತಂಗಿಯರ ಹಾಗೆ. ಹೃದಯಕ್ಕೆ ಒಂದರಲ್ಲಿ ‘ಕೊರಸೋನ್’, ಇನ್ನೊಂದರಲ್ಲಿ ಕೊನೆಯಲ್ಲಿ ಮೂಗಿನಿಂದ ಎಳೆದು ‘ಕೊರಸಾಂವ್’. ನಮ್ಮ ನೆರೆಯ ಕೊಂಕಣಿ ಬಾಯಮ್ಮನವರು ಮಾತಾಡುವಾಗ ಬರುವ ಮೂಗುಸ್ವರ ಕೇಳಿದವರಿಗೆ ಇದು ತಿಳಿಯುತ್ತದೆ. ಹತ್ತಿರದ ಭಾಷೆ, ಹಾಗಾಗಿ ಸುಲಭ ಅಂದುಕೊಳ್ಳುತ್ತೇವೆ. ಹತ್ತಿರ ಇದ್ದಷ್ಟೂ ಮೋಸ ಹೆಚ್ಚು ಅಂತ ನನ್ನ ಅನಿಸಿಕೆ. ಯಾಕೆಂದು ಮುಂದೆ ಹೇಳುತ್ತೇನೆ.

ಅಷ್ಟು ದೂರ ಯಾಕೆ, ನಮ್ಮಲ್ಲೇ 1987ರಲ್ಲಿ ‘ಪ್ರೇಮಲೋಕ’ ಬರಲಿಲ್ಲವೇ? ವಿ. ರವಿಚಂದ್ರನ್ ಅವರೇ ನಿರ್ದೇಶಕ, ಅವರೇ ನಾಯಕ. ಜೂಹಿ ಚಾವ್ಲಾ ನಾಯಕಿ. ಹಂಸಲೇಖ ಅವರ ಸಂಗೀತ, ಸಾಹಿತ್ಯ. ಕಾಲೇಜು ಹುಡುಗರ ದಂಡು, ಬೈಕು, ಜಗಳವೂ ಹಾಡಿನಲ್ಲೇ, ರಾಜಿಯೂ ಹಾಡಿನಲ್ಲೇ. ನಾನಾಗ ಪ್ರೈಮರಿ ಶಾಲೆಯ ಹುಡುಗಿ. ಮಂಗಳೂರು–ಮೂಡುಬಿದಿರೆ ಬಸ್ಸುಗಳಲ್ಲಿ ಡ್ರೈವರ್ ಸೀಟಿನ ಹತ್ತಿರದ ಟೇಪ್ ರೆಕಾರ್ಡರಿನಲ್ಲಿ ಅದೇ ಕ್ಯಾಸೆಟ್ಟು. ಟೇಪು ಹೊರಬಂದರೆ ಪೆನ್ಸಿಲು ಹಾಕಿ ತಿರುಗಿಸಿ ಸರಿಮಾಡುತ್ತಿದ್ದದ್ದು ನಿಮಗೂ ನೆನಪಿರಬಹುದು.

ಆ ಚಿತ್ರ ಅದೇ ವರ್ಷ ತಮಿಳಿನಲ್ಲೂ ‘ಪರುವ ರಾಗಂ’ ಎಂದು ಬಂದಿತ್ತೆಂದು ನಮ್ಮಲ್ಲಿ ಬಹಳ ಜನರಿಗೆ ಗೊತ್ತೇ ಇಲ್ಲ. ಅದೇ ನಾಯಕ, ಅದೇ ನಾಯಕಿ, ಅದೇ ರಾಗಗಳು, ಮಾತು ಮಾತ್ರ ಬೇರೆ. ಇನ್ನೊಂದು ಸ್ವಾರಸ್ಯ ನೋಡಿ. ಕನ್ನಡದಲ್ಲಿ ಅದಕ್ಕೆ ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಇಬ್ಬರದೂ ಮನೆಮಾತು ತೆಲುಗು, ಯೇಸುದಾಸ್ ಅವರದು ಮಲಯಾಳ. ಎಸ್‌ಪಿಬಿಯವರು ಯಾವ ಭಾಷೆಯ ಹಾಡನ್ನಾದರೂ ತೆಲುಗು ಲಿಪಿಯಲ್ಲಿ ತಮ್ಮ ಕೈಯಾರೆ ಬರೆದುಕೊಂಡು ಹಾಡುತ್ತಿದ್ದರು. ಆದರೂ ಅವರ ಕನ್ನಡದಲ್ಲಿ ‘ಳ’ ‘ಲ’ ಆದದ್ದನ್ನು ನಾನಂತೂ ಕೇಳಿಲ್ಲ. ಬರೆದುಕೊಂಡದ್ದರಿಂದಲೇ ಅದು ಬಂದದ್ದಲ್ಲ. ಹೇಳಿಕೊಡುವವರು ಎದುರಿಗಿದ್ದರು, ಇವರು ಕಿವಿಗೊಟ್ಟು ಕಲಿತರು.

ಈಗ ಅಡುಗೆಮನೆಯ ಲೆಕ್ಕಕ್ಕೆ ಬರುವ. ಉದ್ದಿನ ದೋಸೆಯ ಹಿಟ್ಟಿಗೆ ನೀರು ಸುರಿದರೆ ನೀರುದೋಸೆ ಆಗುತ್ತದಾ? ಇಲ್ಲ. ನೀರುದೋಸೆಗೆ ಅಕ್ಕಿಯನ್ನು ಬೇರೆಯೇ ನೆನೆಹಾಕಿ ನುಣ್ಣಗೆ ಕಡೆಯಬೇಕು. ಕಾವಲಿ ಒಂದೇ, ಒಲೆ ಒಂದೇ, ಹಿಟ್ಟು ಮಾತ್ರ ಹೊಸತು. ಹಾಡನ್ನು ಇನ್ನೊಂದು ಭಾಷೆಗೆ ಕೊಂಡುಹೋಗುವುದೂ ಹೀಗೇ. ಕನ್ನಡದ ‘ಕಣ್ಣು’ ತಮಿಳಿನಲ್ಲಿ ‘ಕಣ್’, ನಮ್ಮ ‘ನಾನು’ ಅವರ ‘ನಾನ್’. ಕನ್ನಡದ ಮಾತು ಕೊನೆಯಲ್ಲಿ ಬಾಯಿ ತೆರೆದೇ ನಿಲ್ಲುತ್ತದೆ, ಆದ್ದರಿಂದ ಎಳೆದು ಹಾಡಬಹುದು. ತಮಿಳಿನದು ಎಷ್ಟೋ ಸಲ ಮುಚ್ಚಿಬಿಡುತ್ತದೆ. ರಾಗ ಎಳೆಯುವ ಜಾಗದಲ್ಲಿ ಮುಚ್ಚಿದ ಮಾತು ಬಂದರೆ ಗಾಯಕಿ ಎಂತ ಮಾಡಬೇಕು? ಅರ್ಥ ಸರಿಯಿದ್ದರೆ ಸಾಲದು, ಮಾತ್ರೆಯೂ ಕೂಡಿಬರಬೇಕು.

ನಮ್ಮ ತೋಡಾರಿನ ಮನೆಗಳಲ್ಲಿ ಹೆಚ್ಚಿನವರದು ತುಳು, ಹಲವರದು ಬ್ಯಾರಿ, ಕೆಲವರದು ಕೊಂಕಣಿ. ಶಾಲೆಯಲ್ಲಿ ಕನ್ನಡ, ಈಗ ಅದಕ್ಕಿಂತ ಹೆಚ್ಚು ಇಂಗ್ಲಿಷು. ತುಳುವಿನಲ್ಲೇ ನಗುವ, ತುಳುವಿನಲ್ಲೇ ಬೈಯುವ ನಾವು ಭಜನೆಗೆ ಕುಳಿತರೆ ಹೆಚ್ಚಾಗಿ ಕನ್ನಡದಲ್ಲಿ ಹಾಡುತ್ತೇವೆ. ಅದರಲ್ಲಿ ತಪ್ಪೇನಿಲ್ಲ, ಕನ್ನಡ ನಮಗೆ ಹೊರಗಿನದಲ್ಲ. ಆದರೆ 2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಎಂದು ಬರೆಸಿದವರು 18 ಲಕ್ಷಕ್ಕೂ ಮೇಲೆ. ಇಷ್ಟು ಜನ ಇದ್ದರೂ ಎರಡನೇ ಭಾಷೆಯ ಹಾಡು ಬರುವಾಗ ನಮ್ಮ ಸರದಿ ಯಾವಾಗ? ‘ಕಾಂತಾರ’ವನ್ನೇ ನೋಡಿ. ನಮ್ಮ ಕರಾವಳಿಯ ದೈವಾರಾಧನೆಯ ಕತೆ. 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಬಂತು. ಅಕ್ಟೋಬರಿನಲ್ಲಿ ಹಿಂದಿ, ತೆಲುಗು, ತಮಿಳು, ಮಲಯಾಳ. ತುಳುವಿನಲ್ಲಿ ನಮ್ಮ ಟಾಕೀಸುಗಳಿಗೆ ಬಂದದ್ದು ಡಿಸೆಂಬರಿಗೆ! ಭೂತದ ಮಾತು ಅದರ ಮನೆಮಾತಿನಲ್ಲಿ ಕೇಳಲು ನಾವು ಎಲ್ಲರ ಊಟ ಆದಮೇಲೆ ಎಲೆ ಹಾಕಿಸಿಕೊಂಡ ಹಾಗಾಯಿತು. ಸಿನೆಮಾದವರನ್ನು ದೂರಿ ಪ್ರಯೋಜನವಿಲ್ಲ. ಪೇಟೆ ದೊಡ್ಡದಿದ್ದ ಕಡೆ ಮೊದಲು ಹೋಗುತ್ತಾರೆ, ಮೆನುಡೊ ಹುಡುಗರನ್ನು ಬ್ರೆಜಿಲಿಗೆ ಕೊಂಡುಹೋದದ್ದೂ ಅದಕ್ಕೇ.

ಹಾಗಾದರೆ ಮನೆಮಾತಿನ ಹಾಡು ಯಾರು ಮಾಡಬೇಕು? ಕಳೆದ ವರ್ಷ ನಮ್ಮ ನೆರೆಕರೆಯ ನಾಲ್ಕು ಹುಡುಗರು ತಾವೇ ರಾಗ ಹಾಕಿ ಅಮ್ಮನ ಮೇಲೊಂದು ಹಾಡು ಕಟ್ಟಿದರು. ಶಾಲೆಯ ವಾರ್ಷಿಕೋತ್ಸವಕ್ಕೆ ಕನ್ನಡದಲ್ಲಿ, ಊರಿನ ಕಾರ್ಯಕ್ರಮಕ್ಕೆ ತುಳುವಿನಲ್ಲಿ. ಅಭ್ಯಾಸ ನಡೆದದ್ದು ನಮ್ಮ ಜಗಲಿಯಲ್ಲಿ, ಚಾ ಮತ್ತು ಗೋಳಿಬಜೆಯ ಖರ್ಚು ನನ್ನದು. ಮೊದಲು ಎಲ್ಲ ಸಲೀಸು. ‘ಪ್ರೀತಿ’ಗೆ ‘ಮೋಕೆ’, ‘ಅಮ್ಮ’ನಿಗೆ ‘ಅಪ್ಪೆ’, ಮಾತ್ರೆ ತಕ್ಕಡಿಯಲ್ಲಿಟ್ಟ ಹಾಗೆ ಸಮ. ‘ಮಗು’ ಬಂದಾಗ ತಡವರಿಸಿದರು. ‘ಬಾಲೆ’ ಎಂದರೆ ಒಂದು ಮಾತ್ರೆ ಹೆಚ್ಚು. ಸಾಲನ್ನೇ ಮುರಿದು ಕಟ್ಟಬೇಕಾಯಿತು.

ಪಲ್ಲವಿಯ ಕೊನೆಗೆ ‘ಬಂದೆ ಅಮ್ಮ’ ಎಂದಿತ್ತು. ‘ಬತ್ತೆ ಅಪ್ಪೆ’ ಎಂದು ಕನ್ನಡ ಲಿಪಿಯಲ್ಲಿ ಬರೆದುಕೊಂಡರು. ಮುಖ್ಯ ಹಾಡುಗಾರ ಬಾಯಿ ತೆರೆದದ್ದೇ, ಒಳಗೆ ಅಡಿಕೆ ಸುಲಿಯುತ್ತಿದ್ದ ನಮ್ಮ ಅತ್ತೆ ಬಿದ್ದು ಬಿದ್ದು ನಕ್ಕರು. “ಬಂದದ್ದು ಯಾರು ಮಾರಾಯ? ನೀನಾ, ಮತ್ತೊಬ್ಬನಾ?” ಅಂತ ಕೇಳಿದರು. ತುಳು ಬಲ್ಲವರಿಗೆ ಗೊತ್ತು. ‘ನಾನು ಬಂದೆ’ ಎನ್ನುವಾಗ ಕೊನೆಯ ‘ಎ’ಯನ್ನು ಬಾಯಿ ಅಗಲಿಸಿ ಹೇಳಬೇಕು. ಸಾದಾ ‘ಎ’ ಹೇಳಿದರೆ ‘ಅವನು ಬಂದ’ ಎಂದಾಗುತ್ತದೆ. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. ಈ ಹುಡುಗ ತುಳುವರ ಮನೆಯವನೇ. ಆದರೆ ಇಂಗ್ಲಿಷ್ ಶಾಲೆಗೆ ಹೋಗುವವನೆಂದು ಮನೆಯಲ್ಲಿ ಅವನೊಡನೆ ಕನ್ನಡ, ಇಂಗ್ಲಿಷು ಬೆರೆಸಿಯೇ ಮಾತಾಡಿದ್ದಾರೆ. ಸರಿಯಾಗಿ ಹೇಳಿಕೊಟ್ಟವನು ಯಾರು ಗೊತ್ತೇ? ತಂಡದ ಬ್ಯಾರಿ ಹುಡುಗ. ಅವನ ಮನೆಮಾತು ತುಳುವಲ್ಲ. ತಂದೆಯ ಅಂಗಡಿಯಲ್ಲಿ ಕುಳಿತು ಗಿರಾಕಿಗಳ ಬಾಯಿಂದ ಕಲಿತದ್ದು!

ಹತ್ತಿರದ ಭಾಷೆಯಲ್ಲಿ ಮೋಸ ಹೆಚ್ಚು ಎಂದೆನಲ್ಲ, ಅದು ಇದೇ. ‘ಡೆಸ್ಪಸಿತೊ’ ತಪ್ಪು ಹಾಡಿದರೆ ತಪ್ಪೆಂದು ಎಲ್ಲರಿಗೂ ಗೊತ್ತು, ನಕ್ಕು ಬಿಡುತ್ತಾರೆ. ತುಳುವನ್ನು ಕನ್ನಡದ ಹಾಗೆ ಓದಿದರೆ ಓದಿದವನಿಗೆ ತಪ್ಪಿದ್ದೇ ತಿಳಿಯುವುದಿಲ್ಲ. ತಿದ್ದಲು ಒಳಗೆ ಅಡಿಕೆ ಸುಲಿಯುವ ಅಜ್ಜಿ ಇರಬೇಕು, ಅಜ್ಜಿಯ ಮಾತು ಬೀಳುವಷ್ಟು ದೂರದಲ್ಲಿ ಮಕ್ಕಳಿರಬೇಕು. ನಿಮ್ಮ ಮನೆಮಾತು ಅರೆಭಾಷೆಯೋ, ಕೊಡವವೋ, ಹವ್ಯಕರ ಕನ್ನಡವೋ, ಯಾವುದೇ ಇರಲಿ. ಮಕ್ಕಳು ಮೆಚ್ಚಿದ ಒಂದು ರಾಗ ತೆಗೆದುಕೊಂಡು ಅದಕ್ಕೆ ಮನೆಮಾತಿನ ನಾಲ್ಕು ಸಾಲು ಕೂರಿಸಲು ಹೇಳಿ ನೋಡಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ನೀವು ಅವರಿಗೆ ಕೊಡದೆ ಉಳಿಸಿಕೊಂಡ ಮಾತುಗಳಿವೆ ಅಂತ ಲೆಕ್ಕ.

ನಮ್ಮ ಹುಡುಗರು ಎರಡೂ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡು ಮಾಡಿ ಇಟ್ಟುಕೊಂಡಿದ್ದಾರೆ. ಕನ್ನಡದ್ದು ಶಾಲೆಯಲ್ಲಿ ಚೆನ್ನಾಗಿ ಹೋಯಿತು, ತುಳುವಿನದನ್ನು ಊರಿನ ಕಾರ್ಯಕ್ರಮದಲ್ಲಿ ಎರಡು ಸಲ ಹಾಡಿಸಿದರು. ಈ ವರ್ಷ ಮುಖ್ಯ ಹಾಡುಗಾರನ ಗಂಟಲು ಒಡೆದಿದೆ, ಮೇಲಿನ ಸ್ವರ ಹತ್ತುವುದಿಲ್ಲ. ಅವನನ್ನು ಯಾರೂ ತಂಡದಿಂದ ಬಿಡಿಸಿಲ್ಲ. ಹಾರ್ಮೋನಿಯಂನಲ್ಲಿ ಶ್ರುತಿ ಎರಡು ಮನೆ ಇಳಿಸಿ ಮತ್ತೆ ಜಗಲಿಯಲ್ಲಿ ಅಭ್ಯಾಸ ಸುರುಮಾಡಿದ್ದಾರೆ.