ಕುರಿಮರಿಯ ಮೊದಲ ದಿನಕ್ಕೆ ಏನೇನು ಬೇಕು?

ರಾಜಾನುಕುಂಟೆ, ಹೆಸರಘಟ್ಟ, ಬಾಗಲೂರು ಕಡೆ ಅಪಾರ್ಟ್‌ಮೆಂಟುಗಳ ಬೆನ್ನಿಗೇ ಹತ್ತಿಪ್ಪತ್ತು ಕುರಿ ಕಟ್ಟಿಕೊಂಡ ಮನೆಗಳು ಈಗಲೂ ಇವೆ. ಕೆಲಸ ಬಿಟ್ಟು ಹೊಸದಾಗಿ ಸಾಕಣೆಗೆ ಇಳಿದವರೂ ಇದ್ದಾರೆ. ಹೊಸಬರ ಮೊದಲ ಖರ್ಚು ಸಾಮಾನ್ಯವಾಗಿ ಅಟ್ಟಣಿಗೆ ಶೆಡ್ಡಿಗೆ, ಮೇವು ಕತ್ತರಿಸುವ ಯಂತ್ರಕ್ಕೆ ಹೋಗುತ್ತದೆ. ಆದರೆ ಮಂದೆ ಬೆಳೆಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಮರಿ ಹುಟ್ಟಿದ ಮೊದಲ ದಿನವೇ ತೀರ್ಮಾನವಾಗುತ್ತದೆ. ಆ ದಿನಕ್ಕೆ ಬೇಕಾದ ಸಾಮಾನು ಒಂದು ಬಕೆಟ್ಟಿನಲ್ಲಿ ಹಿಡಿಸುತ್ತದೆ.

ಮನುಷ್ಯರ ಕೂಸಿಗೆ ಗರ್ಭದಲ್ಲಿದ್ದಾಗಲೇ ತಾಯಿಯ ರಕ್ತದ ಪ್ರತಿಕಾಯಗಳು ಮಾಸಿನ ಮೂಲಕ ಒಂದಷ್ಟು ಬಂದಿರುತ್ತವೆ. ಕುರಿಯ ಮಾಸು ಪ್ರತಿಕಾಯಗಳನ್ನು ದಾಟಲು ಬಿಡುವುದಿಲ್ಲ. ಹೀಗಾಗಿ ಮರಿ ಹುಟ್ಟುವಾಗ ಅದರ ರೋಗನಿರೋಧಕ ಶಕ್ತಿ ಹೆಚ್ಚುಕಡಿಮೆ ಸೊನ್ನೆ. ಎಲ್ಲವೂ ಬರಬೇಕಾದದ್ದು ಗಿಣ್ಣುಹಾಲಿನಿಂದ. ಮರಿಯ ಕರುಳು ಪ್ರತಿಕಾಯಗಳನ್ನು ಇಡಿಯಾಗಿ ಹೀರಿಕೊಳ್ಳುವುದು ಸುಮಾರು ಒಂದು ದಿನ ಮಾತ್ರ, ಅದೂ ಗಂಟೆಗಂಟೆಗೆ ಕಡಿಮೆಯಾಗುತ್ತಾ ಹೋಗುತ್ತದೆ. ಮರಿಯ ತೂಕದ ಪ್ರತಿ ಕಿಲೋಗೆ 50 ಮಿ.ಲೀ. ಗಿಣ್ಣು ಮೊದಲ ಎರಡು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಎರಡು ಕಿಲೋ ಮರಿಗೆ 100 ಮಿ.ಲೀ. ಎಂದಾಯಿತು.

ಗಟ್ಟಿ ಮರಿ ತಾನೇ ಎದ್ದು ಕುಡಿಯುತ್ತದೆ. ಸೊರಗಿದ್ದಕ್ಕೆ ಒಳಲೆಯಲ್ಲಿ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಭಯ. ಅದಕ್ಕೇ ಬೇಕು ಮೊದಲ ಸಾಮಾನು: 60 ಮಿ.ಲೀ. ಸಿರಿಂಜು ಮತ್ತು ಮೆತ್ತನೆಯ ಟ್ಯೂಬು. ಮೂಗಿನ ತುದಿಯಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು ಟ್ಯೂಬಿನ ಮೇಲೆ ಗುರುತು ಹಾಕಬೇಕು. ಬಾಯಿಯ ಎಡಪಕ್ಕದಿಂದ ನಾಲಿಗೆಯ ಮೇಲೆ ನಿಧಾನವಾಗಿ ಜಾರಿಸಿದರೆ ಮರಿ ನುಂಗುತ್ತದೆ. ಕತ್ತು ಸವರಿದರೆ ಶ್ವಾಸನಾಳದ ಪಕ್ಕದಲ್ಲಿ ಇನ್ನೊಂದು ಕೊಳವೆ ಬೆರಳಿಗೆ ಸಿಗಬೇಕು. ಸಿಗದಿದ್ದರೆ, ಅಥವಾ ಮರಿ ಕೆಮ್ಮಿದರೆ, ತೆಗೆದು ಮತ್ತೆ ಹಾಕಬೇಕು. ಸಿರಿಂಜಿನ ದಂಡ ತೆಗೆದು ಹಾಲು ತನ್ನಷ್ಟಕ್ಕೆ ಇಳಿಯಲು ಬಿಡುವುದು ಕ್ಷೇಮ. ಕೆಲಸ ಮುಗಿದ ಮೇಲೆ ಟ್ಯೂಬನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ, ಆಮೇಲೆ ಸೋಪು ಹಾಕಿದ ಬಿಸಿನೀರಿನಲ್ಲಿ ತೊಳೆಯಬೇಕು. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನು ಒಳಗೋಡೆಗೆ ಹೆಪ್ಪುಗಟ್ಟಿ ಅಂಟುತ್ತದೆ, ಅಲ್ಲೇ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಈ ಟ್ಯೂಬಿನ ಅಗತ್ಯ ಈಗ ಹೆಚ್ಚಿದೆ. ನಮ್ಮ ಬನ್ನೂರು ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಸಂಸ್ಥೆ ರೂಪಿಸಿದ ನಾರಿ ಸುವರ್ಣ ತಳಿಯಲ್ಲಿ ಬಂಗಾಳದ ಗರೋಲ್ ಕುರಿಯ ಅವಳಿ ಹೆರುವ ಜೀನು ಸೇರಿದೆ. ಈ ತಳಿ ಕರ್ನಾಟಕಕ್ಕೂ ಬಂದಿದೆ. ಅವಳಿ ಎಂದರೆ ಲಾಭವೇ ಸರಿ. ಆದರೆ ಅವಳಿ ಮರಿಗಳ ತೂಕ ಕಡಿಮೆ, ತಾಯಿಗೆ ಇರುವುದು ಎರಡೇ ಮೊಲೆ. ಹಿಂದೆ ಬಿದ್ದ ಮರಿಯನ್ನು ಕೈಯಾರೆ ಉಳಿಸಿಕೊಳ್ಳಬೇಕು.

ಎರಡನೆಯ ಸಾಮಾನು ಡಿಜಿಟಲ್ ಥರ್ಮಾಮೀಟರು. ಮರಿಯ ಮೈಶಾಖ 39ರಿಂದ 40 ಡಿಗ್ರಿ ಸೆಲ್ಸಿಯಸ್ ಇರಬೇಕು. ಹುಟ್ಟಿದ ಮರಿಯ ಮೂತ್ರಪಿಂಡದ ಸುತ್ತ ಇರುವ ಕಂದು ಕೊಬ್ಬು ಉರಿದು ಶಾಖ ಕೊಡುತ್ತದೆ, ಆದರೆ ಹಾಲು ಸಿಗದಿದ್ದರೆ ಅದು ಕೆಲವೇ ಗಂಟೆಗಳಲ್ಲಿ ಖಾಲಿ. ಡಿಸೆಂಬರ್ ರಾತ್ರಿ ಯಲಹಂಕದ ಬಯಲಿನಲ್ಲಿ ಒದ್ದೆ ಮೈಗೆ ಗಾಳಿ ಬಡಿದರೆ ಸಾಕು, ಶಾಖ ಇಳಿಯುತ್ತದೆ. ಮೈ ಒರೆಸಲು ಹಳೇ ಗೋಣಿಚೀಲ ತಯಾರಿರಲಿ. ಶಾಖ 37ಕ್ಕಿಂತ ಇಳಿದು, ಮರಿ ತಲೆ ಎತ್ತದಿದ್ದರೆ ಟ್ಯೂಬು ಹಾಕಬಾರದು. ಆಗ ಗ್ಲೂಕೋಸ್ ಇಂಜೆಕ್ಷನ್ನಿಗೆ ಪಶುವೈದ್ಯರೇ ಬರಬೇಕು.

ಮೂರನೆಯದು ಹೊಕ್ಕುಳಬಳ್ಳಿ ಅದ್ದಲು ಟಿಂಚರ್ ಅಯೋಡಿನ್. ಬೆಳಕಿಗೆ ಅದರ ಶಕ್ತಿ ಕುಂದುವುದರಿಂದ ಕಂದು ಬಾಟಲಿಯಲ್ಲೇ ಇರಲಿ, ಬಳಸಿ ಉಳಿದದ್ದನ್ನು ಮತ್ತೆ ಬಾಟಲಿಗೆ ಸುರಿಯುವುದು ಬೇಡ. ನಾಲ್ಕನೆಯದು ಕೈಗವಸು. ಮಾಸಿನ ಮೂಲಕ ಮನುಷ್ಯರಿಗೂ ತಗಲುವ ಬ್ರುಸೆಲ್ಲೋಸಿಸ್ ರೋಗದ ಪತ್ತೆಗೆ ಯಲಹಂಕದ ರಾಮಗೊಂಡನಹಳ್ಳಿಯ ಪಶುರೋಗ ಸಂಶೋಧನಾ ಸಂಸ್ಥೆ ‘ನಿವೇದಿ’ ಬಹುಕಾಲದಿಂದ ಕೆಲಸ ಮಾಡುತ್ತಿದೆ. ಬರಿಗೈಯಲ್ಲಿ ಮಾಸು ಎಳೆಯುವ ಅಭ್ಯಾಸ ಇನ್ನಾದರೂ ನಿಲ್ಲಬೇಕು.

ಮೊದಲ ದಿನಕ್ಕಲ್ಲ, ಮುಂದೆ ಬೇಕಾಗುವ ಸಾಮಾನೂ ಇದೆ. ಟಗರುಮರಿಯ ಬೀಜ ಒಡೆಯುವ ಬರ್ಡಿಜೊ ಇಕ್ಕಳ ನೋಡಲು ಕಮ್ಮಾರನ ಸಾಮಾನಿನಂತೆ. ಇಟಲಿಯ ಪಶುವೈದ್ಯ ನೆಪೋಲಿಯೋನ್ ಬರ್ಡಿಜೊ ಕಳೆದ ಶತಮಾನದ ಆರಂಭದಲ್ಲಿ ರೂಪಿಸಿದ್ದು. ಚರ್ಮ ಕತ್ತರಿಸದೆ ಒಳಗಿನ ವೀರ್ಯನಾಳ, ರಕ್ತನಾಳಗಳನ್ನಷ್ಟೇ ಜಜ್ಜುವುದು ಇದರ ಜಾಣತನ. ಕೊಳ್ಳುವಾಗ ಕಾಗದದ ಮಡಿಕೆಯಲ್ಲಿ ದಾರ ಇಟ್ಟು ಅದುಮಿ ನೋಡಿ: ದಾರ ತುಂಡಾಗಬೇಕು, ಕಾಗದ ಹರಿಯಬಾರದು. ದವಡೆಯನ್ನು ಮುಚ್ಚಿ ಎತ್ತಿಟ್ಟರೆ ಬಿಗಿ ಸಡಿಲವಾಗುತ್ತದೆ. ಒರೆಸಿ, ಎಣ್ಣೆ ಹಚ್ಚಿ, ತೆರೆದೇ ಇಡಬೇಕು. ಬಳಕೆ ಮಾತ್ರ ವೈದ್ಯರ ಕೈಯಲ್ಲೇ, ಮರಗಟ್ಟುವ ಔಷಧ ಕೊಟ್ಟೇ ಆಗಲಿ.

ಆಮೇಲೆ ಬರುವುದು ಲಸಿಕೆ. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಶುರುವಾದದ್ದು ದನಗಳ ದೊಡ್ಡರೋಗದ (ರಿಂಡರ್‌ಪೆಸ್ಟ್) ವಿರುದ್ಧ. ಆ ರೋಗ ಜಗತ್ತಿನಿಂದಲೇ ಅಳಿಯಿತೆಂದು 2011ರಲ್ಲಿ ಘೋಷಿಸಲಾಯಿತು. ಅದರ ಬಳಗದ್ದೇ ಆದ, ಕುರಿ-ಮೇಕೆಗಳಿಗೆ ಬರುವ ಪಿಪಿಆರ್ ರೋಗವನ್ನು 2030ರೊಳಗೆ ತೊಲಗಿಸುವುದು ಈಗಿನ ಜಾಗತಿಕ ಗುರಿ. ಪಿಪಿಆರ್ ಲಸಿಕೆಯಲ್ಲಿರುವುದು ಜೀವಂತ ವೈರಸ್ಸು, ಬಿಸಿಲಿಗೆ ಸಾಯುತ್ತದೆ. ಕರುಳುಬೇನೆಯ ಲಸಿಕೆ ಹೆಪ್ಪುಗಟ್ಟಿದರೆ ಕೆಡುತ್ತದೆ. 2ರಿಂದ 8 ಡಿಗ್ರಿ ಕಾಯುವ ಐಸ್ ಪೆಟ್ಟಿಗೆಯೂ ಸಾಕಣೆಯ ಸಲಕರಣೆಯೇ.

ಕುರಿ ಗಬ್ಬ ಕಟ್ಟಿದ ಮೇಲೆ ಈಯಲು ಸುಮಾರು 150 ದಿನ ಇರುತ್ತದೆ. ಅಷ್ಟರೊಳಗೆ ಈ ಸಾಮಾನು ಜೋಡಿಸಿ, ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ಟ್ಯೂಬು ಹಾಕುವುದನ್ನು ಕಲಿತುಬನ್ನಿ. ಮೇವು ಕತ್ತರಿಸುವ ಯಂತ್ರವನ್ನು ಮುಂದಿನ ವರ್ಷವೂ ಕೊಳ್ಳಬಹುದು.