ತಾಯಿ, ಮಗಳು, ನಡುವೆ ಗಂಗೂಬಾಯಿ

ಹಣೆಯಲ್ಲಿ ಕುಂಕುಮ, ಮೂಗಿನಲ್ಲಿ ಮೂಗುತಿ, ಹೆಗಲು ಮುಚ್ಚಿದ ಸೆರಗು. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ವೇದಿಕೆಯ ಮೇಲೆ ಕೂತರೆ ಹುಬ್ಬಳ್ಳಿಯ ಯಾವುದೋ ಮನೆಯ ಹಿರಿಯಳು ಪಡಸಾಲೆಯಲ್ಲಿ ಬಂದು ಕೂತಂತೆ ಕಾಣುತ್ತಿತ್ತು. ಹಿಂದೆ ತಂಬೂರಿ ಮಿಡಿಯುತ್ತಿದ್ದಂತೆ ಅಂಗೈ ಕಿವಿಯ ಬಳಿ ಹೋಗುತ್ತಿತ್ತು. ಷಡ್ಜ ಹೊರಟಿತೆಂದರೆ, ಆ ಸಣ್ಣ ಮೈಯಿಂದ ಇಷ್ಟು ಗಡುಸು ದನಿಯೇ ಎಂದು ಹೊಸಬರು ತಲೆಯೆತ್ತಿ ನೋಡುತ್ತಿದ್ದರು. ಎಳವೆಯಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಗ್ರಾಮಫೋನ್ ತಟ್ಟೆಗಳಲ್ಲಿ ಅವರದು ಸಪೂರ ಕಂಠ. ಗಂಟಲ ಚಿಕಿತ್ಸೆಯಾದ ಮೇಲೆ ಅದು ಹೀಗೆ ದಪ್ಪವಾಯಿತು. ಬೇರೆಯವರಾದರೆ ಹಾಡನ್ನೇ ಬಿಡುತ್ತಿದ್ದರೇನೋ, ಇವರು ಅದರಲ್ಲೇ ರಾಗ ಕಟ್ಟಿದರು.

ಈ ಕಂಠಕ್ಕಾಗಿ ಮೊದಲು ಸುಮ್ಮನಾದವರು ತಾಯಿ ಅಂಬಾಬಾಯಿ. ಧಾರವಾಡದಲ್ಲಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಹಿಂದೂಸ್ತಾನಿಯ ಹಿರಿಯ ಗಾಯಕ ಅಬ್ದುಲ್ ಕರೀಂ ಖಾನರಂಥವರು ಮನೆಗೆ ಬಂದು ಅವರ ಹಾಡು ಕೇಳುತ್ತಿದ್ದರು. ಮಗಳ ಒಲವು ಹಿಂದೂಸ್ತಾನಿಯ ಕಡೆಗೆಂದು ಗೊತ್ತಾದಾಗ, ತಮ್ಮ ಪದ್ಧತಿಯ ನೆರಳು ಅವಳ ಗಾಯನದ ಮೇಲೆ ಬೀಳಬಾರದೆಂದು ತಾವು ಹಾಡುವುದನ್ನೇ ಬಿಟ್ಟರು. ಅವಳ ಪಾಠಕ್ಕೆಂದೇ 1928ರಲ್ಲಿ ಮನೆ ಹುಬ್ಬಳ್ಳಿಗೆ ಬಂತು. ಹಾಡಬಲ್ಲವಳು ತನ್ನ ಮನೆಯಲ್ಲೇ ಬಾಯಿ ಕಟ್ಟಿಕೊಂಡು ಓಡಾಡುವುದೆಂದರೆ ಎಂಥದಿರಬೇಕು! ಈ ತ್ಯಾಗ ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಮಗಳ ಹೆಸರು ದೇಶಕ್ಕೆ ಗೊತ್ತಾಗುವ ಮೊದಲೇ, 1932ರಲ್ಲಿ, ಆ ತಾಯಿ ತೀರಿಕೊಂಡರು.

ಅಷ್ಟರಲ್ಲಿ ಗಂಗೂಬಾಯಿಗೆ ಸಂಸಾರ ಬಂದಿತ್ತು. 16ರ ಹರೆಯದಲ್ಲಿ ಕೈಹಿಡಿದ ಗುರುರಾವ್ ಕೌಲಗಿ ವಕೀಲರು. ವ್ಯಾಪಾರಕ್ಕೆ ಕೈಹಾಕಿ ಸೋತಾಗ ಮನೆ ನಡೆದದ್ದು ಹೆಂಡತಿಯ ಕಛೇರಿಗಳಿಂದ. ಮೂರು ಮಕ್ಕಳು. ಮನೆಗೆಲಸದ ನಡುವೆಯೇ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ, ಗುರು ಸವಾಯಿ ಗಂಧರ್ವರ ಎದುರಿಗೆ. ಗಂಗೂಬಾಯಿಗೆ ಭಕ್ತಿಯೆಂದರೆ ಇದೇ. ಗುರುಗಳು ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಜಿಪುಣ ರೊಕ್ಕ ಬಿಚ್ಚುವಂತೆ ಒಂದೊಂದೇ ಸ್ವರ ಬಿಚ್ಚಬೇಕೆಂಬುದು ಅವರ ಪಾಠ. ಸಂಜೆ ಸ್ಟೇಷನ್ನಿನ ತನಕ ಜೊತೆಗೆ ಬರುತ್ತಿದ್ದವರು ಅದೇ ಮನೆಯ ಎಳೆಯ ಶಿಷ್ಯ ಭೀಮಸೇನ ಜೋಶಿ. ಓಣಿಯಲ್ಲಿ ‘ಗಾನೇವಾಲಿ’ ಎಂದು ಹಂಗಿಸುವವರಿದ್ದ ಕಾಲ. ಆ ಮಾತು ಕೇಳಿಯೂ ಅವರು ಮರುದಿನ ತಂಬೂರಿ ಹಿಡಿಯುತ್ತಿದ್ದರು.

ಕಡೆಗೆ ಮಗಳು ಕೃಷ್ಣಾ ತಂಬೂರಿ ಹಿಡಿದು ತಾಯಿಯ ಹಿಂದೆ ಕೂತರು. ಹಳೆಯ ಧ್ವನಿಮುದ್ರಿಕೆ ಹಾಕಿ ಗಮನವಿಟ್ಟು ಕೇಳಿ: ವಿಲಂಬಿತದಲ್ಲಿ ಗಂಗೂಬಾಯಿ ಒಂದು ಸ್ವರದ ಮೇಲೆ ನಿಂತು ಉಸಿರು ತೆಗೆದುಕೊಳ್ಳುವಾಗ ಆ ಎಡೆ ಖಾಲಿ ಉಳಿಯುವುದಿಲ್ಲ. ಹಿಂದಿನಿಂದ ತೆಳುವಾದೊಂದು ದನಿ ಅದನ್ನು ಎತ್ತಿಕೊಳ್ಳುತ್ತದೆ, ಸ್ವಲ್ಪ ಮುಂದೊಯ್ಯುತ್ತದೆ, ತಾಯಿಯ ಕೈಗೊಪ್ಪಿಸಿ ಹಿಂದೆ ಸರಿಯುತ್ತದೆ. ಸ್ವತಃ ದೊಡ್ಡ ಗಾಯಕಿಯಾಗಬಲ್ಲವರು ಹತ್ತಾರು ವರ್ಷ ಹೀಗೆ ಕೂತರು. ಅಜ್ಜಿ ಮೌನದಿಂದ ಕೊಟ್ಟದ್ದನ್ನು ಮೊಮ್ಮಗಳು ದನಿಯಿಂದ ಕೊಟ್ಟಳು.

2004ರಲ್ಲಿ ಕೃಷ್ಣಾ ತೀರಿಕೊಂಡರು. ತೊಂಬತ್ತು ದಾಟಿದ ತಾಯಿ, ಕ್ಯಾನ್ಸರ್ ಗೆದ್ದುಬಂದವರು, 2006ರಲ್ಲಿ ಮತ್ತೆ ವೇದಿಕೆಗೆ ಬಂದು ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಕೊನೆಯುಸಿರೆಳೆದಾಗ, ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು.